ಚಿನ್ನದ ಗಣಿಯ ಊರಲ್ಲಿ ಗುಲಾಬಿ ಭಾನುವಾರ

ಗುರುವಾರ, 12 ಮಾರ್ಚ್ 2026

ತುಮಕೂರಿನಿಂದ ಕೆಜಿಎಫ್‌ಗೆ ಹೊರಟರೆ ನನಗೆ ಎರಡು ರೈಲು, ಒಂದು ಫ್ಲಾಸ್ಕು ಕಾಫಿ ಬೇಕೇ ಬೇಕು. ಈ ಸಲ ಫ್ಲಾಸ್ಕು ಅಟ್ಟದ ಮೇಲೆ ಉಳಿಯಿತು. ಪಾಸ್ಖ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದಿಂದ ಕಾಫಿ ಬಿಟ್ಟಿದ್ದೇನೆ. ಫೆಬ್ರವರಿ 18ಕ್ಕೆ ಹಣೆಗೆ ಬೂದಿ ಬಿತ್ತು, ಮಾರನೆಯ ಬೆಳಿಗ್ಗೆ ತಲೆನೋವು ಶುರುವಾಯಿತು, ಅದು ಇಳಿಯುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು. ನಮ್ಮಮ್ಮ ತಪಸ್ಸು ಕಾಲ ಬಂತೆಂದರೆ ಮಾಂಸವನ್ನೇ ಮರೆತು, ಒಪ್ಪೊತ್ತು ಉಂಡು, ಹೊಲದ ಕೆಲಸವನ್ನೂ ಬಿಡದೆ ಮಾಡುತ್ತಿದ್ದಳು. ನಾನು ದಿನಕ್ಕೆ ಎರಡು ಲೋಟ ಕಾಫಿ ಬಿಟ್ಟು ಮಹಾ ತಪಸ್ವಿನಿಯ ಮುಖ ಹೊತ್ತು ಕಿಟಕಿ ಪಕ್ಕ ಕೂತಿದ್ದೆ.

ಹೊರಟದ್ದು ಒಂದು ಮನಸ್ತಾಪ ಬಿಡಿಸುವುದಕ್ಕೆ. ನನ್ನ ತಂಗಿಯನ್ನು ಕೆಜಿಎಫ್‌ನ ತಮಿಳು ಮನೆಗೆ ಕೊಟ್ಟು ಮೂವತ್ತು ವರ್ಷದ ಮೇಲಾಯಿತು. ಈಗ ಅವಳ ಮೊಮ್ಮಗಳಿಗೆ ನಾನು ಜ್ಞಾನಮಾತೆ, ಅಂದರೆ ಗಾಡ್‌ಮದರ್, ಆಗಬೇಕು. ಮಗು ನವೆಂಬರಿನದು. ನೀರು ಹಾಕಿ ಕ್ರೈಸ್ತಳಾಗಿ ಸೇರಿಸಿಕೊಳ್ಳುವ ದೀಕ್ಷಾಸ್ನಾನವನ್ನು ಫೆಬ್ರವರಿಯಲ್ಲೇ ಮುಗಿಸಿಬಿಡೋಣ ಅಂತ ಮನೆಯವರು ಊಟದವನಿಗೆ ಮುಂಗಡವನ್ನೂ ಕೊಟ್ಟಿದ್ದರು. ಅಪ್ಪ ಅಮ್ಮನ ತಯಾರಿ ತರಗತಿ ಮುಗಿಯುವಷ್ಟರಲ್ಲಿ ತಪಸ್ಸು ಕಾಲ ಬಂದುಬಿಟ್ಟಿತು. ಅಲ್ಲಿನ ಚರ್ಚಿನ ಗುರುಗಳು, ‘ಇನ್ನು ನಲವತ್ತು ದಿನ ತಡೀರಿ, ಏಪ್ರಿಲ್ 4ರ ರಾತ್ರಿ ಪಾಸ್ಖ ಜಾಗರಣೆಯಲ್ಲಿ ಕೊಡೋಣ, ಅದಕ್ಕಿಂತ ಒಳ್ಳೇ ರಾತ್ರಿ ಇನ್ನೊಂದಿಲ್ಲ’ ಅಂದರಂತೆ. ಎಲ್ಲರೂ ಒಪ್ಪಿದರು. ಪಾಟಿ ಒಪ್ಪಲಿಲ್ಲ. ಪಾಟಿ ಅಂದರೆ ತಂಗಿಯ ಅತ್ತೆ. ಆ ಮನೆಗೆ ಬರುವ ಹಾಲಿನವನಿಗೂ ಅವರು ಪಾಟಿ, ಅವರ ಗಂಡ ತಾತಾ. ‘ನೀನು ಟೀಚರು, ಭಾನುವಾರ ಮಕ್ಕಳಿಗೆ ಜ್ಞಾನೋಪದೇಶ ಹೇಳೋಳು, ನೀನೇ ಬಂದು ಒಪ್ಪಿಸು’ ಅಂತ ತಂಗಿ ಫೋನು.

ಹಾಗಾಗಿ ಚೀಲದಲ್ಲಿ ಫ್ಲಾಸ್ಕಿನ ಜಾಗದಲ್ಲಿ ನೋಟ್‌ಬುಕ್ಕು. ಪಾಟಿಯನ್ನು ಒಪ್ಪಿಸಲು ಬೇಕಾದ ಮದ್ದುಗುಂಡು ಅದರಲ್ಲಿತ್ತು. ಕ್ರಿ.ಶ. 150ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನ್, ಚಕ್ರವರ್ತಿಗೆ ಕ್ರೈಸ್ತರ ಬಗ್ಗೆ ತಿಳಿಹೇಳಿ ಬರೆದ ಮನವಿಯಲ್ಲಿ ಈ ಸ್ನಾನಕ್ಕೆ ‘ಬೆಳಗುವಿಕೆ’ ಎಂಬ ಹೆಸರಿದೆ ಅನ್ನುತ್ತಾನೆ. ಅವನಾದ ಇನ್ನೂರು ವರ್ಷಕ್ಕೆ ಜೆರುಸಲೇಮಿನ ಸಿರಿಲ್, ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದವರನ್ನು ತಪಸ್ಸು ಕಾಲದುದ್ದಕ್ಕೂ ಕೂರಿಸಿಕೊಂಡು ಪಾಠ ಹೇಳಿದ. ಅವರನ್ನು ಅವನು ಕರೆದದ್ದು ‘ಬೆಳಕು ಪಡೆಯಲಿರುವವರು’ ಎಂದು. ಅಂದರೆ ಕಾಯುವುದು ಈ ಗುರುಗಳ ಹೊಸ ಕಿತಾಪತಿಯಲ್ಲ. ತಪಸ್ಸು ಕಾಲದ ಬೇರು ಇರುವುದೇ ಅಲ್ಲಿ. ಹೀಗೆಲ್ಲ ಹೇಳಬೇಕು ಅಂದುಕೊಂಡು ಎರಡು ಪುಟ ಬರೆದಿದ್ದೆ.

ಬೆಂಗಳೂರಿನಲ್ಲಿ ಗಾಡಿ ಬದಲಿಸಿ ಮಾರಿಕುಪ್ಪಂ ರೈಲು ಹತ್ತಿದಾಗ ಸಂಜೆ. ಕಾಲಿಡಲು ಜಾಗವಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಆ ಊರಿನ ಅನ್ನ ಈ ಹಳಿಯ ಮೇಲೆಯೇ ಓಡಾಡುತ್ತಿದೆ. ಕತ್ತಲಿರುವಾಗ ಬೆಂಗಳೂರಿಗೆ, ಕತ್ತಲಾದ ಮೇಲೆ ಊರಿಗೆ. ಎದುರು ಕೂತ ಹೆಂಗಸು ಹುರುಳಿಕಾಯಿಯ ನಾರು ತೆಗೆಯುತ್ತ ತೆಗೆಯುತ್ತಲೇ ನಿದ್ದೆ ಹೋದಳು. ಕೈ ಮಾತ್ರ ಇನ್ನೂ ಎರಡು ಕಾಯಿ ಮುರಿಯಿತು. ಮಾಲೂರಿನ ಹೆಂಚಿನ ಕಾರ್ಖಾನೆಗಳು, ಟೇಕಲ್ಲಿನ ಬಂಡೆಗುಡ್ಡಗಳು ಕಂಡೂ ಕಾಣದ ಹಾಗೆ ಹೋದವು. ಬಂಗಾರಪೇಟೆ ಬಂದಾಗ ಅಲ್ಲಿನ ತಿಳಿನೀರಿನ ಪಾನಿಪುರಿ ನೆನಪಾಗಿ ಬಾಯಲ್ಲಿ ನೀರು. ಪಾನಿಪುರಿ ಮಾಂಸವಲ್ಲ, ಕಾಫಿಯೂ ಅಲ್ಲ, ವ್ರತಕ್ಕೆ ಭಂಗವಿಲ್ಲ ಎಂದು ಲೆಕ್ಕ ಹಾಕುವಷ್ಟರಲ್ಲಿ ಗಾಡಿ ಹೊರಟಿತು. ಕೋರಮಂಡಲ್, ಊರ್ಗಾಂ, ಚಾಂಪಿಯನ್. ಇಳಿದೆ. ಅಮಾವಾಸ್ಯೆಗೆ ವಾರವಷ್ಟೇ ಉಳಿದಿತ್ತು. ಆಕಾಶಕ್ಕಿಂತ ಕಪ್ಪಗೆ ನಿಂತಿದ್ದ ಶಾಫ್ಟಿನ, ಅಂದರೆ ಗಣಿಬಾವಿಯ, ಗೋಪುರವೊಂದನ್ನು ಗುರುತು ಹಿಡಿದು ನಡೆದೆ.

ಶುಕ್ರವಾರ, 13 ಮಾರ್ಚ್

ಬೆಳಿಗ್ಗೆ ಗಾಳಿ ಎದ್ದಿತ್ತು. ಇಲ್ಲಿ ಗಾಳಿ ಎದ್ದರೆ ಸೈನೈಡ್ ದಿಬ್ಬಗಳ ಪುಡಿಯೂ ಏಳುತ್ತದೆ. ಚಿನ್ನ ತೆಗೆದುಕೊಂಡು ಉಳಿದ ಹಿಟ್ಟನ್ನು ನೂರಿಪ್ಪತ್ತು ವರ್ಷ ಸುರಿದು ಸುರಿದು ಆದ ಬೂದುಬಣ್ಣದ ಗುಡ್ಡಗಳು ಅವು. ಬಾಗಿಲಲ್ಲಿ ನಿಂತಿದ್ದ ನನ್ನ ಕಣ್ಣಿಗೇ ಬಿತ್ತು. ಪಾಟಿ ಸೆರಗಿನ ತುದಿ ನೀರಲ್ಲದ್ದಿ ಒರೆಸಿದರು. ಒರೆಸುವಾಗ ಏನಾದರೂ ಮಾತು ತೆಗೆಯುತ್ತಾರೇನೋ ಎಂದು ಕಾದೆ. ‘ಕಂಜಿ ಕುಡೀರಿ’ ಅಂದರು, ಅಷ್ಟೇ. ನಾನೂ ನೋಟ್‌ಬುಕ್ಕು ತೆಗೆಯಲಿಲ್ಲ. ಮಗು ಮಾತ್ರ ನನ್ನನ್ನು ನೋಡಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು.

ಮಧ್ಯಾಹ್ನ ರಾಬರ್ಟ್‌ಸನ್‌ಪೇಟೆಗೆ ಹೋಗಿ ಬಂದೆವು. ಈ ವರ್ಷ ಬೂದಿ ಬುಧವಾರವೂ ರಂಜಾನ್ ಉಪವಾಸವೂ ಹೆಚ್ಚುಕಡಿಮೆ ಒಟ್ಟಿಗೇ ಹಿಡಿದವು. ಮುಂದಿನ ಗುರುವಾರ ಯುಗಾದಿ. ಮಾರ್ಕೆಟ್ಟಿನಲ್ಲಿ ಒಂದು ಗಾಡಿಯ ಮೇಲೆ ಖರ್ಜೂರದ ರಾಶಿ, ಪಕ್ಕದ ಗಾಡಿಯಲ್ಲಿ ಅಚ್ಚುಬೆಲ್ಲ. ತಿನ್ನದವರೂ ತಿನ್ನಲು ಕಾಯುತ್ತಿರುವವರೂ ಒಂದೇ ಅಂಗಡಿಯ ಮುಂದೆ ಚೌಕಾಶಿ ಮಾಡುತ್ತಿದ್ದರು.

ಸಂಜೆ ಚರ್ಚಿನಲ್ಲಿ ಶಿಲುಬೆ ಹಾದಿ, ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಪ್ರಾರ್ಥನೆ. ಹದಿನಾಲ್ಕು ಸ್ಥಳ, ಪ್ರತಿ ಸ್ಥಳದಲ್ಲೂ ಮೊಣಕಾಲೂರಬೇಕು, ಏಳಬೇಕು. ಅರವತ್ತು ದಾಟಿದ ಮೊಣಕಾಲಿಗೆ ಅದೇ ಸಾಕಷ್ಟು ತಪಸ್ಸು. ಪ್ರಾರ್ಥನೆ ತಮಿಳಿನಲ್ಲಿ. ನಮ್ಮ ಧರ್ಮಪ್ರಾಂತ್ಯದಲ್ಲಿ ಚರ್ಚಿನ ಭಾಷೆಯ ಜಗಳ ಹಳೆಯದು, ಕಹಿಯೂ ಹೌದು. ನಾನೂ ಕನ್ನಡದ ಪರವಾಗಿಯೇ ಗಂಟಲು ಹರಿದುಕೊಂಡವಳು. ಆದರೆ ಶಿಲುಬೆ ಹಾದಿಯಲ್ಲಿ ಭಾಷೆ ಯಾರಿಗೆ ಬೇಕು, ಯಾರು ಬೀಳುತ್ತಿದ್ದಾರೆ ಅಂತ ಗೊತ್ತಿದ್ದರೆ ಸಾಕು. ಒಂಬತ್ತನೇ ಸ್ಥಳ, ಯೇಸು ಮೂರನೇ ಸಲ ಬೀಳುವಲ್ಲಿ, ಕರೆಂಟು ಹೋಯಿತು. ಒಂದೆರಡು ಉಸಿರಿನಷ್ಟು ಹೊತ್ತು ಗುಡಿಯೆಲ್ಲ ಕಪ್ಪು. ಅಷ್ಟರಲ್ಲೇ ದೂರದ ಮಸೀದಿಯ ಸೈರನ್ ಕೂಗಿತು. ಇಫ್ತಾರಿನ ಹೊತ್ತು. ಆಮೇಲೆ ಒಂದೊಂದಾಗಿ ಮೊಬೈಲುಗಳ ಟಾರ್ಚು ಹೊತ್ತಿಕೊಂಡು, ಆ ಬೆಳಕಲ್ಲೇ ಉಳಿದ ಐದು ಸ್ಥಳ ಮುಗಿಸಿದೆವು.

ಮನೆಗೆ ಬಂದರೂ ಕರೆಂಟಿಲ್ಲ. ಜಗಲಿಯ ಮೇಲೆ ಕೂತಿದ್ದ ತಾತಾನಿಗೆ ಅದೇ ಬೇಕಿತ್ತೇನೋ. ‘ಏಷ್ಯಾದಲ್ಲೇ ಅಷ್ಟು ದೂರದಿಂದ ಕರೆಂಟ್ ಎಳೆದು ತಂದ ಮೊದಲನೇ ಊರು ಯಾವುದು ಗೊತ್ತಾ ಟೀಚರಮ್ಮಾ?’ ಗೊತ್ತು ಅಂದರೆ ಬೇಜಾರಾಗುತ್ತಾರೆ, ಅದಕ್ಕೆ ಸುಮ್ಮನಿದ್ದೆ. ‘1902. ಶಿವನಸಮುದ್ರದಿಂದ ತೊಂಬತ್ತು ಮೈಲಿಗೂ ಮೇಲೆ ತಂತಿ. ನಿಮ್ಮ ಬೆಂಗಳೂರಿಗೆ ಬಲ್ಬು ಬಂದಿದ್ದು ಅದಾಗಿ ಮೂರು ವರ್ಷಕ್ಕೆ.’ ನಾನು ತುಮಕೂರಿನವಳು ಎಂದು ಎಷ್ಟು ಸಲ ಹೇಳಿದರೂ ಅವರ ಲೆಕ್ಕದಲ್ಲಿ ಬಂಗಾರಪೇಟೆಯಿಂದಾಚೆ ಇರುವುದೆಲ್ಲ ಬೆಂಗಳೂರೇ. ‘ಆದ್ರೆ ಆ ಕರೆಂಟು ಬಂದಿದ್ದು ಮಿಷನ್‌ಗಳಿಗೆ. ನಾನು ಹುಟ್ಟಿದ ಲೈನ್ ಮನೇಲಿ ಸೀಮೆಎಣ್ಣೆ ಬುಡ್ಡಿ.’

ತಾತಾ ಗಣಿಗೆ ಇಳಿದದ್ದು 1969ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ. ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಚಾಂಪಿಯನ್ ರೀಫಿನ ಕೆಳಲೆವೆಲ್ಲುಗಳಲ್ಲಿ ಕೆಲಸ ಮಾಡಿದವರು. ಬಂಡೆಯೇ ಸುಡುವ ಜಾಗ. ರಾಕ್ ಬರ್ಸ್ಟ್ ಆದರೆ, ಅಂದರೆ ಒತ್ತಡಕ್ಕೆ ಬಂಡೆ ಸಿಡಿದರೆ, ಮೇಲೆ ಅಡುಗೆಮನೆಯ ಪಾತ್ರೆ ನಡುಗುತ್ತಿದ್ದವು. ಆಗ ಪಾಟಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು, ಇಡೀ ಸಾಲಿನ ಹೆಂಗಸರೆಲ್ಲ ನಿಲ್ಲುತ್ತಿದ್ದರು. ಇದನ್ನು ತಂಗಿಯಿಂದ ಹಿಂದೆಯೇ ಕೇಳಿದ್ದೆ. ಈ ರಾತ್ರಿ ತಾತಾ ಹೇಳಿದ್ದು ಬೇರೆ.

‘ಟೋಪಿ ದೀಪ ಕೆಟ್ಟುಹೋದ್ರೆ ಏನು ಮಾಡ್ಬೇಕು ಗೊತ್ತಾ? ಈ ಕತ್ತಲೆ ಕತ್ತಲೇನೇ ಅಲ್ಲ, ಇಲ್ಲಿ ನಕ್ಷತ್ರ ಅಯ್ತೆ. ಕೆಳಗೆ ಕಣ್ಣು ಬಿಟ್ರೂ ಒಂದೇ, ಮುಚ್ಚಿದ್ರೂ ಒಂದೇ. ಆಗ ನಡೀಬಾರ್ದು. ನಡೆದ್ರೆ ಶಾಫ್ಟಿಗೆ ಬೀಳ್ತೀಯ. ಕೂತ್ಕೋಬೇಕು. ಕೂಗ್ಬೇಕು. ಇನ್ನೊಬ್ಬನ ದೀಪ ಬರೋ ತನಕ ಕೂಗ್ತಾನೇ ಇರ್ಬೇಕು.’

ಈ ಭಾನುವಾರ ಚರ್ಚಿನಲ್ಲಿ ಓದುವ ಶುಭಸಂದೇಶ ಯೊವಾನ್ನನ ಒಂಬತ್ತನೇ ಅಧ್ಯಾಯ, ಹುಟ್ಟುಕುರುಡನ ಕತೆ. ಯೇಸು ನೆಲಕ್ಕೆ ಉಗುಳಿ, ಕೆಸರು ಮಾಡಿ, ಅವನ ಕಣ್ಣಿಗೆ ಹಚ್ಚಿ, ಸಿಲೋವಾಮ್ ಕೊಳಕ್ಕೆ ಹೋಗಿ ತೊಳೆದುಕೋ ಅನ್ನುತ್ತಾನೆ. ಅದನ್ನು ಓದುತ್ತ ಆ ಕೊಳಕ್ಕೆ ನೀರು ಎಲ್ಲಿಂದ ಬರುತ್ತಿತ್ತು ಎಂದು ಹುಡುಕಿಟ್ಟಿದ್ದೆ. ಕತ್ತಲಲ್ಲಿ ನೋಟ್‌ಬುಕ್ಕು ಕಾಣುವಂತಿರಲಿಲ್ಲ, ಬಾಯಲ್ಲೇ ಹೇಳಿದೆ. ಕ್ರಿಸ್ತನಿಗಿಂತ ಏಳುನೂರು ವರ್ಷ ಹಿಂದೆ ಹಿಜ್ಕೀಯ ಅಂತ ಒಬ್ಬ ರಾಜ. ಶತ್ರು ಮುತ್ತಿಗೆ ಹಾಕಿದರೆ ಊರಿಗೆ ನೀರಿಲ್ಲ ಎಂದು ಗೋಡೆಯಾಚೆಯ ಗೀಹೋನ್ ಚಿಲುಮೆಯಿಂದ ಊರೊಳಗಿನ ಕೊಳಕ್ಕೆ ಬಂಡೆ ಕೊರೆಸಿದ. 533 ಮೀಟರ್ ಉದ್ದ. ಎರಡೂ ತುದಿಯಿಂದ ಕೊರೆದುಕೊಂಡು ಬಂದು ನಡುವೆ ಕೂಡಿಸಿದರು. ಈ ತುದಿಯಿಂದ ಆ ತುದಿಗೆ ಇಳಿಜಾರು ಒಂದಡಿಯಷ್ಟೇ.

ತಾತಾ ಎದ್ದು ಕೂತರು. ‘ಎರಡು ಹೆಡ್ಡಿಂಗಾ? ಸರ್ವೆ ಯಾರು ಮಾಡಿದ್ರು?’

ಅದು ಬರೆದಿಲ್ಲ, ಆದರೆ ಕೊರೆದವರು ಸುರಂಗದ ಗೋಡೆಯ ಮೇಲೆ ಒಂದು ಬರಹ ಕೆತ್ತಿಟ್ಟಿದ್ದಾರೆ ಎಂದೆ. ಇನ್ನು ಮೂರು ಮೊಳ ಬಂಡೆ ಉಳಿದಿದ್ದಾಗ ಆ ಕಡೆಯವನು ಈ ಕಡೆಯವನನ್ನು ಕೂಗಿದ್ದು ಕೇಳಿಸಿತಂತೆ. ಆಮೇಲೆ ಗುದ್ದಲಿಗೆ ಗುದ್ದಲಿ ತಾಗಿತಂತೆ, ನೀರು ಸಾವಿರದ ಇನ್ನೂರು ಮೊಳ ಹರಿಯಿತಂತೆ. ರಾಜನ ಹೆಸರು ಅದರಲ್ಲಿಲ್ಲ. ಕೆಲಸಗಾರರ ಮಾತಷ್ಟೇ. ಆ ಬರಹ ಸಿಕ್ಕಿದ್ದು 1880ರಲ್ಲಿ, ನೀರಲ್ಲಿ ಆಡುತ್ತಿದ್ದ ಹುಡುಗನೊಬ್ಬನ ಕಣ್ಣಿಗೆ ಬಿದ್ದು.

‘1880ರಲ್ಲೇ ನಮ್ಮ ಟೇಲರ್ ಕಂಪನಿ ಇಲ್ಲಿಗೆ ಬಂದಿದ್ದು’ ಅಂದರು ತಾತಾ, ಅದರಲ್ಲೇನೋ ಒಳಸಂಚು ಇರುವ ಹಾಗೆ. ‘ತಲೆ ಮೇಲೆ ಬಂಡೆ ಎಷ್ಟಿತ್ತಂತೆ?’

‘ನೂರು ಮೊಳ ಅಂತ ಬರೆದಿದ್ದಾರೆ.’

‘ನೂರು ಮೊಳ!’ ಅವರು ನಕ್ಕ ನಗು ಕೆಮ್ಮಾಗಿ, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಗಣಿಯಿಂದ ಮನೆಗೆ ಬಂದ ಕೆಮ್ಮು ಅದು. ನೀರು ಕುಡಿದು ಸುಧಾರಿಸಿಕೊಂಡು ಹೇಳಿದರು: ‘ಹಂಗಾದ್ರೆ ಆ ಕುರುಡ ಮುಖ ತೊಳೆದಿದ್ದು ಮೈನರ್ಸ್ ತಂದ ನೀರಲ್ಲಿ. ಇಷ್ಟು ವರ್ಷ ಚರ್ಚಿಗೆ ಹೋದೆ, ಒಬ್ಬ ಫಾದರೂ ಹೇಳಲಿಲ್ಲ ನೋಡಿ.’

ಒಳಗಿಂದ ಪಾಟಿ, ಮಗು ಮಲಗಿದೆ, ಮೆಲ್ಲಗೆ ಮಾತಾಡಿ ಅಂದರು. ಕರೆಂಟು ಬಂದಾಗ ನಾನು ನಿದ್ದೆಯಲ್ಲಿದ್ದೆ.

ಶನಿವಾರ, 14 ಮಾರ್ಚ್

ಮಗುವಿಗೆ ಬಿಳಿ ಫ್ರಾಕು ಕೊಳ್ಳಲು ಕೋಲಾರಕ್ಕೆ ಹೋಗುವುದೆಂದಾಯಿತು. ರಾಬರ್ಟ್‌ಸನ್‌ಪೇಟೆಯಲ್ಲಿ ಸಿಗದ ಫ್ರಾಕು ಕೋಲಾರದಲ್ಲೇನು ಸಿಗುತ್ತದೋ ನನಗೆ ತಿಳಿಯದು. ಪಾಟಿ ಹೊರಟು ನಿಂತಿದ್ದರು, ತಂಗಿ ಕಣ್ಣಲ್ಲೇ ಸನ್ನೆ ಮಾಡಿದಳು, ಬಸ್ಸು ಹತ್ತಿದೆವು. ಇಬ್ಬರೇ.

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ. ಪಾಲಾರ್ ಇದೆ, ಮರಳಿನ ಕೆಳಗೆ. ನಾನು ಚಿಕ್ಕವಳಿದ್ದಾಗಿನಿಂದ ಈ ಸೀಮೆಯೆಂದರೆ ಬತ್ತಿದ ಕೆರೆ, ಸಾವಿರಾರು ಅಡಿ ಕೊರೆದೂ ಹೊಗೆಯಷ್ಟೇ ಬಂದ ಬೋರ್‌ವೆಲ್. ಈಗ ದಾರಿಯಲ್ಲಿ ಒಂದು ಕೆರೆ ಮಾರ್ಚಿ ತಿಂಗಳಲ್ಲೂ ತುಂಬಿ ನಿಂತಿತ್ತು. ಬೆಳ್ಳಕ್ಕಿಗಳಿದ್ದವು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಪೈಪಿನಲ್ಲಿ ಇಲ್ಲಿನ ಕೆರೆಗಳಿಗೆ ತುಂಬಿಸುತ್ತಿದ್ದಾರೆ, ಕೆ.ಸಿ. ವ್ಯಾಲಿ ಯೋಜನೆ. ನೊರೆ ಬಂತು, ಕೋರ್ಟಿಗೂ ಹೋಯಿತು, ಆ ನೀರು ಇನ್ನಷ್ಟು ಶುದ್ಧವಾಗಬೇಕೆಂಬ ಜಗಳ ಇನ್ನೂ ಇದೆ. ಮುಂದಿನ ಸೀಟಿನ ರೈತ ಮಾತ್ರ, ‘ಯಾರ ಬಚ್ಚಲ ನೀರಾದ್ರೂ ಆಗ್ಲಿ ಬಿಡವ್ವ, ಬೋರಲ್ಲಿ ಜೀವ ಬಂತು’ ಅಂದ. ಪಾಟಿ ಆ ಕೆರೆಯನ್ನು ಕತ್ತು ತಿರುಗಿಸಿ ತಿರುಗಿಸಿ ನೋಡಿದರು.

ಫ್ರಾಕು ಹತ್ತು ನಿಮಿಷದಲ್ಲಿ ಸಿಕ್ಕಿತು. ‘ಅಂತರಗಂಗೆಗೆ ಹೋಗೋಣ’ ಅಂದರು ಪಾಟಿ. ಮದುವೆಯಾದ ಹೊಸದರಲ್ಲಿ ಲೈನಿನ ಹೆಂಗಸರೆಲ್ಲ ಸೇರಿ ಬಂದಿದ್ದರಂತೆ. ಆಟೋ ಹಿಡಿದು ಶತಶೃಂಗ ಬೆಟ್ಟದ ಬುಡದಲ್ಲಿ ಇಳಿದೆವು. ಎಪ್ಪತ್ತು ದಾಟಿದ ಜೀವ, ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು, ಕೋತಿಗಳನ್ನು ಬೈದು, ಮತ್ತೆ ಹತ್ತಿದರು. ಮೇಲೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಯಾಣಿ, ಕಲ್ಲಿನ ಬಸವನ ಬಾಯಿಂದ ಸುರಿಯುವ ನೀರು. ಬೆಟ್ಟದ ಹೊಟ್ಟೆಯೊಳಗಿಂದ ಬರುವ ನೀರು, ಎಂಥ ಬರದಲ್ಲೂ ನಿಂತಿಲ್ಲವೆಂದು ಊರಿನವರು ಹೇಳುತ್ತಾರೆ. ಬಾಟಲಿ, ಕೊಡ, ಎಣ್ಣೆ ಕ್ಯಾನು ಹಿಡಿದವರ ಸಾಲು. ಕತ್ತಿನ ಶಿಲುಬೆ ನೋಡಿ ಯಾರೂ ಏನೂ ಕೇಳಲಿಲ್ಲ. ‘ಅಜ್ಜಿಗೆ ಜಾಗ ಬಿಡ್ರಪ್ಪ’ ಅಂದನೊಬ್ಬ. ಪಾಟಿ ಬೊಗಸೆಯೊಡ್ಡಿ ಮುಖ ತೊಳೆದರು. ಆಮೇಲೆ ಮೆಟ್ಟಿಲ ಮೇಲೆ ಕೂತು, ಮುಖ ಒರೆಸಿಕೊಳ್ಳದೆ, ಕೇಳಿದರು.

‘ಟೀಚರಮ್ಮಾ, ಎರಡು ಸಲ ಕೊಟ್ರೆ ತಪ್ಪಾ?’

‘ಏನನ್ನ?’

‘ಞಾನಸ್ನಾನಂ.’

ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಏನು ಹೇಳಬೇಕೋ ಹೊಳೆಯಲಿಲ್ಲ.

ಮಗು ಹುಟ್ಟಿದ ಮೂರನೇ ದಿನ ಕಾಮಾಲೆ ಏರಿತ್ತು. ನೀಲಿ ದೀಪದ ಕೆಳಗೆ ಮಲಗಿಸಿದ್ದರು, ಬೆಳಕು ಹೊಡೆಯಬಾರದೆಂದು ಕಣ್ಣಿಗೆ ಬಟ್ಟೆಯ ಪಟ್ಟಿ ಕಟ್ಟಿ. ಈಗ ಅದು ತೀರಾ ಸಾಮಾನ್ಯ ಚಿಕಿತ್ಸೆ, ಎರಡು ದಿನಕ್ಕೆ ಇಳಿಯಿತು ಕೂಡ. ಆದರೆ ಪಾಟಿ ಕಂಡದ್ದು ಕಣ್ಣು ಕಟ್ಟಿಸಿಕೊಂಡು ನೀಲಿಗಟ್ಟಿ ಬಿದ್ದಿದ್ದ ಕೂಸನ್ನು. ಸಿಸೇರಿಯನ್ ಆಗಿದ್ದ ತಾಯಿ ಬೇರೆ ವಾರ್ಡಿನಲ್ಲಿ. ಹಾಲು ಕುಡಿಸಲು ನರ್ಸು ಮಗುವನ್ನು ಹೊರಗೆ ತೆಗೆದು ಪಾಟಿಯ ಮಡಿಲಿಗೆ ಕೊಟ್ಟು ಆಚೆ ಹೋದಾಗ, ಬಾಟಲಿಯ ನೀರು ಅಂಗೈಗೆ ಸುರಿದುಕೊಂಡು, ಹಣೆಗೆ ಮೂರು ಸಲ ಬಿಟ್ಟು, ಪಿತನ, ಸುತನ, ಪರಿಶುದ್ಧ ಆವಿಯ ಹೆಸರು ಹೇಳಿಬಿಟ್ಟಿದ್ದರು. ಯಾರಿಗೂ ತಿಳಿಸಿರಲಿಲ್ಲ. ಫೆಬ್ರವರಿಯಲ್ಲೇ ಚರ್ಚಿನಲ್ಲಿ ಆಗಿಬಿಟ್ಟರೆ ತನ್ನದು ಅದರಡಿ ಮುಚ್ಚಿಹೋಗುತ್ತದೆ, ಯಾರೂ ಕೇಳುವುದಿಲ್ಲ ಅಂದುಕೊಂಡಿದ್ದರು. ಗುರುಗಳು ಮುಂದೂಡಿದ್ದೇ ಎದೆಯೊಳಗೆ ಬೆಂಕಿ ಬಿತ್ತು. ನಲವತ್ತು ದಿನ ಈ ಗುಟ್ಟು ಹೊತ್ತು ಪೂಜೆಯಲ್ಲಿ ಕೊಡುವ ಪರಮ ಪ್ರಸಾದ ಹೇಗೆ ತೆಗೆದುಕೊಳ್ಳುವುದು? ತೆಗೆದುಕೊಂಡೂ ಇರಲಿಲ್ಲ, ಬೂದಿ ಬುಧವಾರದಿಂದ.

‘ಅಷ್ಟು ಹೆದರಿಕೆ ಯಾಕಾಯ್ತು ಪಾಟಿ?’

ಅವರು ನೀರನ್ನೇ ನೋಡುತ್ತಿದ್ದರು. ಮೊದಲನೆಯದು ಗಂಡು, ಆರು ದಿನ ಬದುಕಿತ್ತು. ತಾತಾ ಪಾಳಿಯಲ್ಲಿದ್ದರು, ಕೆಳಗೆ. ಗುರುಗಳನ್ನು ಕರೆಯಲು ಪಕ್ಕದ ಮನೆಯ ಹುಡುಗ ಓಡಿದ, ಅವರು ಬರುವಷ್ಟರಲ್ಲಿ ಮುಗಿದಿತ್ತು. ನೀರು ಬಿದ್ದಿಲ್ಲದ ಮಗು ಎಂದು ಸ್ಮಶಾನದ ಒಳಗೆ ಎಲ್ಲರ ಜೊತೆ ಇಡಲಿಲ್ಲ, ಗೋಡೆಯ ಮೂಲೆಯಲ್ಲಿ ಇಟ್ಟರು. ಐವತ್ತು ವರ್ಷದ ಹಿಂದಿನ ಮಾತು.

‘ಕೈಯಲ್ಲೇ ಚೊಂಬು ಇತ್ತು ಟೀಚರಮ್ಮಾ. ಬಾಯಿಗೆ ನೀರು ಬಿಡ್ತಾ ಕೂತಿದ್ದೆ. ನಾನೇ ಕೊಡಬಹುದು ಅಂತ ನಂಗೆ ಗೊತ್ತಿರ್ಲಿಲ್ಲ. ಎರಡು ವರ್ಷ ಆದ್ಮೇಲೆ ಒಬ್ರು ಸಿಸ್ಟರ್ ಹೇಳಿದ್ರು, ಸಾಯೋ ಹೊತ್ತಲ್ಲಿ ಯಾರು ಬೇಕಾದ್ರೂ ಕೊಡಬಹುದು ಅಂತ.’

ನನ್ನ ನೋಟ್‌ಬುಕ್ಕು ಚೀಲದಲ್ಲಿತ್ತು. ಜಸ್ಟಿನ್, ಸಿರಿಲ್, ಎರಡು ಪುಟ. ಒಂದೂ ಬಾಯಿಗೆ ಬರಲಿಲ್ಲ. ತಡವರಿಸಿ ಹೇಳಿದ್ದು ಬೇರೆಯೇ. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸುಗಳು ಸ್ವರ್ಗದಾಚೆ ಎಲ್ಲೋ ಉಳಿಯುತ್ತವೆ ಅನ್ನುವುದು ಧರ್ಮಸಭೆಯ ವಿಶ್ವಾಸಸೂತ್ರ ಯಾವತ್ತೂ ಆಗಿರಲಿಲ್ಲ, 2007ರಲ್ಲಿ ರೋಮಿನ ದೇವಶಾಸ್ತ್ರಜ್ಞರ ಆಯೋಗ ಆ ಕೂಸುಗಳೂ ದೇವರನ್ನು ಸೇರುತ್ತವೆಂದು ಭರವಸೆ ಇಡಲು ಬಲವಾದ ಕಾರಣಗಳಿವೆ ಎಂದು ಬರೆದಿದೆ ಅಂದೆ.

‘ಯಾವಾಗ?’

‘2007.’

‘ನಂಗೆ ಯಾರೂ ಹೇಳ್ಲಿಲ್ಲ’ ಅಂದರು ಪಾಟಿ. ಸಿಟ್ಟಿನಿಂದಲ್ಲ. ಪಡಿತರ ಅಂಗಡಿಯಲ್ಲಿ ಸಕ್ಕರೆ ಬಂದು ಹೋದದ್ದು ತಡವಾಗಿ ತಿಳಿದವರ ಹಾಗೆ. ನನಗೆ ನಾಚಿಕೆಯಾಯಿತು. ಇದನ್ನು ನಾನು ಹತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತಿದ್ದೇನೆ, ಒಂಬತ್ತನೇ ಕ್ಲಾಸಿನ ಹುಡುಗರಿಗೆ. ಅವರಲ್ಲಿ ಒಬ್ಬರಿಗೂ ಗೋಡೆಯ ಮೂಲೆಯಲ್ಲಿ ಮಗುವಿಲ್ಲ.

ಇಳಿಯುವಾಗ ಅವರು ನನ್ನ ತೋಳು ಹಿಡಿದಿದ್ದರು. ಎರಡು ಸಲ ಕೊಡಬಾರದು ಎಂಬ ಉತ್ತರ ನನಗೆ ಗೊತ್ತಿತ್ತು. ಮೊದಲನೆಯದು ಸರಿಯಾಗಿ ಆಗಿದ್ದರೆ ಎರಡನೆಯದಿಲ್ಲ, ಜೀವಮಾನಕ್ಕೆ ಒಂದೇ. ಅದನ್ನು ನಾನು ಹೇಳಲಿಲ್ಲ. ‘ನಾಳೆ ಗುರುಗಳನ್ನೇ ಕೇಳೋಣ’ ಅಂದೆ. ಬಸ್ಸಿನಲ್ಲಿ ಪಾಟಿ ನಿದ್ದೆ ಮಾಡಿದರು. ನಾನು ಮಾಡಲಿಲ್ಲ.

ಭಾನುವಾರ, 15 ಮಾರ್ಚ್

ತಪಸ್ಸು ಕಾಲದ ನಾಲ್ಕನೇ ಭಾನುವಾರ. ಊದಾ ಬಣ್ಣದ ನಡುವೆ ಇವತ್ತೊಂದು ದಿನ ಗುರುಗಳು ಗುಲಾಬಿ ಉಡುಪು ಹಾಕಬಹುದು. ವರ್ಷಕ್ಕೆ ಎರಡೇ ಸಲ ಅದು ಪೆಟ್ಟಿಗೆಯಿಂದ ಹೊರಬರುವುದು, ಇನ್ನೊಂದು ಕ್ರಿಸ್ಮಸ್ಸಿನ ಮುಂಚೆ. ಲ್ಯಾಟಿನ್ನಿನಲ್ಲಿ ಈ ಭಾನುವಾರದ ಹೆಸರು ‘ಲೆತಾರೆ’, ಅಂದರೆ ಹಿಗ್ಗು. ಯೆಶಾಯನ ಕಡೇ ಅಧ್ಯಾಯದಲ್ಲಿ, ಜೆರುಸಲೇಮಿಗಾಗಿ ಅತ್ತವರೇ ಅವಳೊಂದಿಗೆ ಹಿಗ್ಗಿರಿ, ತಾಯ ಮೊಲೆಯುಂಡ ಕೂಸಿನಂತೆ ತಣಿಯಿರಿ ಎಂದು ಬರುತ್ತದಲ್ಲ, ಅಲ್ಲಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಇದೇ ಭಾನುವಾರ ತಾಯಂದಿರ ದಿನ. ಒಂದು ಕಾಲಕ್ಕೆ ಈ ಊರಿನ ಬಂಗಲೆಗಳಲ್ಲಿ ಇಂಗ್ಲಿಷರು ಇದ್ದರಲ್ಲ, ಅವರ ಹೆಂಡಂದಿರು ಊರಿಗೆ, ಅಮ್ಮಂದಿರಿಗೆ ಕಾಗದ ಬರೆಯಲು ಕೂರುತ್ತಿದ್ದರೇನೋ ಅಂತ ಎಲ್ಲೋ ಯೋಚನೆ ಹೋಯಿತು. ಇಲ್ಲಿನ ಗುಲಾಬಿ ಉಡುಪು ಒಗೆದು ಒಗೆದು ಸೀಬೆಹಣ್ಣಿನ ತಿರುಳಿನ ಬಣ್ಣಕ್ಕೆ ಬಂದಿತ್ತು. ಹಿಂದಿನ ಬೆಂಚಿನ ಹುಡುಗಿ, ‘ಫಾದರ್ ಪಿಂಕು!’ ಎಂದು ಕೂಗಿ ಅಮ್ಮನಿಂದ ತಿವಿಸಿಕೊಂಡಳು.

ಕುರುಡನ ಕತೆಯನ್ನು ಮೂರು ಜನ ಪಾತ್ರ ಹಂಚಿಕೊಂಡು ತಮಿಳಿನಲ್ಲಿ ಓದಿದರು. ನಲವತ್ತೊಂದು ವಾಕ್ಯ, ಉದ್ದದ ಕತೆ. ನಾನು ಎಷ್ಟೋ ಸಲ ಕೇಳಿದ್ದೇನೆ, ಎಷ್ಟೋ ಸಲ ಪಾಠ ಮಾಡಿದ್ದೇನೆ. ಇವತ್ತು ಏಳನೇ ವಾಕ್ಯದಲ್ಲೇ ನಿಂತುಬಿಟ್ಟೆ. ಅವನು ಹೋದ, ತೊಳೆದುಕೊಂಡ, ಕಣ್ಣು ಕಾಣುತ್ತ ಬಂದ. ಅಷ್ಟೇ. ಕಣ್ಣಿಗೆ ಕೆಸರು ಮೆತ್ತಿಕೊಂಡ ಕುರುಡ ಆ ಊರಿನ ಬೀದಿಗಳಲ್ಲಿ ಕೊಳದ ತನಕ ಹೇಗೆ ಹೋದ? ಯೊವಾನ್ನ ಹೇಳುವುದಿಲ್ಲ. ಅಲ್ಲಿ ನಾನು ಯಾವಾಗಲೂ ಒಬ್ಬಂಟಿ ಕುರುಡನನ್ನು ಕಾಣುತ್ತಿದ್ದೆ, ಕೋಲು ಹಿಡಿದು, ವಿಶ್ವಾಸದ ಬಲದಿಂದ ನಡೆಯುವವನು. ಮೊನ್ನೆ ತಾತಾ ಹೇಳಿದ ಮೇಲೆ ಹಾಗೆ ಕಾಣುವುದಕ್ಕೆ ಆಗುತ್ತಿಲ್ಲ. ಕೂಗಿರುತ್ತಾನೆ. ಯಾರೋ ಬಂದು ತೋಳು ಹಿಡಿದಿರುತ್ತಾರೆ. ಮೆಟ್ಟಿಲು ಇಳಿಸಿರುತ್ತಾರೆ. ಆಮೇಲೆ ಅವನಿಗೆ ಕಣ್ಣು ಬಂದ ಗದ್ದಲದಲ್ಲಿ ಹಿಡಿದುಕೊಂಡು ಬಂದವರ ಹೆಸರು ಯಾರಿಗೂ ನೆನಪಿಲ್ಲ.

ಎಫೆಸದವರಿಗೆ ಬರೆದ ಪತ್ರದ ಓದೂ ಇವತ್ತಿನದೇ: ನಿದ್ರಿಸುವವನೇ ಎದ್ದೇಳು, ಸತ್ತವರಿಂದ ಎದ್ದು ಬಾ, ಕ್ರಿಸ್ತನು ನಿನ್ನನ್ನು ಬೆಳಗುವನು. ದೀಕ್ಷಾಸ್ನಾನದ ಹಾಡೊಂದರ ತುಣುಕು ಅದು ಎಂದು ಬಹಳ ವಿದ್ವಾಂಸರ ಊಹೆ. ಪಾಟಿ ಪ್ರಸಾದಕ್ಕೆ ಏಳಲಿಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು.

ಪೂಜೆ ಮುಗಿದ ಮೇಲೆ ಉಡುಪು ಬದಲಿಸುವ ಕೋಣೆಗೆ ಹೋದೆವು. ಪಾಟಿ ಹೇಳಿದರು, ಅಂತರಗಂಗೆಯಲ್ಲಿ ಹೇಳಿದ್ದಕ್ಕಿಂತ ಚಿಕ್ಕದಾಗಿ. ಗುರುಗಳು ವಯಸ್ಸಿನಲ್ಲಿ ನನ್ನ ಮಗನಷ್ಟಿದ್ದಾರು. ಗುಲಾಬಿ ಉಡುಪನ್ನು ಅರ್ಧ ಬಿಚ್ಚಿದ್ದವರು ಹಾಗೆಯೇ ನಿಂತರು.

‘ನೀರು ಹಣೆ ಮೇಲೆ ಹರೀತಾ, ಬರೀ ಬೆರಳು ಅದ್ದಿ ಮುಟ್ಟಿದ್ರಾ?’

‘ಹರೀತು ಸಾಮಿ. ಕಿವಿಗೆ ಹೋಗಿ ಅತ್ತಳು.’

‘ಏನು ಹೇಳಿದ್ರಿ? ಹಾಗೇ ಹೇಳಿ.’

ಪಾಟಿ ಹೇಳಿದರು. ಒಂದಕ್ಷರ ತಪ್ಪಿರಲಿಲ್ಲ.

‘ಏನು ಅಂದ್ಕೊಂಡು ಕೊಟ್ರಿ?’

‘ನೀವು ಕೊಡೋದನ್ನೇ ಕೊಟ್ಟೆ.’

ಗುರುಗಳು ಕುರ್ಚಿಯ ಮೇಲೆ ಕೂತರು. ಜೀವಕ್ಕೆ ಅಪಾಯವಿಲ್ಲದಾಗ ಹೀಗೆ ಮಾಡಬಾರದು, ಡಾಕ್ಟರನ್ನಾದರೂ ಕೇಳಬೇಕಿತ್ತು, ನನಗಾದರೂ ಅವತ್ತೇ ಹೇಳಬೇಕಿತ್ತು ಅಂತ ಸ್ವಲ್ಪ ಗದರಿದರು. ಬೇಕಾಗಿದ್ದಷ್ಟೇ ಗದರಿದರು. ಆಮೇಲೆ ಅಂದರು: ‘ಆದ್ರೆ ಆಗಿದೆ. ಈ ಮಗೂಗೆ ದೀಕ್ಷಾಸ್ನಾನ ಆಗಿದೆ. ಪಾಸ್ಖ ರಾತ್ರಿ ನಾನು ಮತ್ತೆ ನೀರು ಹಾಕೋ ಹಾಗಿಲ್ಲ. ಪವಿತ್ರ ತೈಲ, ಬಿಳಿ ಬಟ್ಟೆ, ದೀಪ, ಇಷ್ಟೇ ಬಾಕಿ.’

ಪಾಟಿಗೆ ಪೂರ್ತಿ ಹೊಕ್ಕಲಿಲ್ಲವೋ ಏನೋ, ನನ್ನ ಮುಖ ನೋಡಿದರು. ಗುರುಗಳು ಬೀರು ತೆಗೆದು ದೊಡ್ಡ ರಿಜಿಸ್ಟರು ಹೊರಗಿಟ್ಟು, ಕನ್ನಡಕ ಹುಡುಕುತ್ತ, ‘ತಾರೀಕು ಬೇಕು, ನವೆಂಬರಿನದು. ಕೊಟ್ಟವರು ಯಾರು ಅನ್ನೋ ಕಾಲಮ್ಮಲ್ಲಿ ನಿಮ್ಮ ಹೆಸರೇ ಬರೀಬೇಕು’ ಅಂದರು. ಆ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೂ ಗುರುಗಳ ಹೆಸರುಗಳು. ಪಾಟಿ ಇಣುಕಿ ನೋಡಿದರು. ಅವರಿಗೆ ತಮಿಳು ಕೂಡಿಸಿ ಕೂಡಿಸಿ ಓದಲು ಬರುತ್ತದೆ, ಇಂಗ್ಲಿಷು ಬಾರದು. ಆ ಪುಟದ ಮೇಲೆ ಅಂಗೈ ಇಟ್ಟರು. ಆಮೇಲೆ ನನಗೂ ತಂಗಿಗೂ ಅವಳ ಮಗನಿಗೂ ಹೊರಗೆ ಹೋಗಿ ಅಂದರು, ಗುರುಗಳೊಬ್ಬರನ್ನು ಬಿಟ್ಟು. ಪಾಪನಿವೇದನೆ ಹತ್ತು ನಿಮಿಷ ಹಿಡಿಯಿತು. ಹೊರಗೆ ತಂಗಿ ಮಗುವನ್ನು ಭುಜದ ಮೇಲೆ ಹಾಕಿಕೊಂಡು ಅಳುತ್ತಿದ್ದಳು, ಅವಳ ಮಗ ಊಟದವನಿಗೆ ಕೊಟ್ಟ ಮುಂಗಡ ಏಪ್ರಿಲಿಗೂ ನಡೆಯುತ್ತದಾ ಎಂದು ಫೋನಿನಲ್ಲಿ ವಿಚಾರಿಸುತ್ತಿದ್ದ.

‘ನೀರು ಆಗಿಹೋಗಿದ್ರೆ ನಾನು ಯಾತಕ್ಕೆ ಜ್ಞಾನಮಾತೆ ಫಾದರ್?’ ಎಂದು ಹೊರಗೆ ಬಂದ ಗುರುಗಳನ್ನು ಕೇಳಿದೆ.

‘ದೀಪ ಯಾರು ಹಿಡೀಬೇಕು?’ ಅಂದರು.

ಮನೆಗೆ ಬಂದಾಗ ತಾತಾನಿಗೆ ಎಲ್ಲ ಗೊತ್ತಿತ್ತು. ಎಷ್ಟು ದಿನದಿಂದ ಎಂದು ನಾನು ಕೇಳಲಿಲ್ಲ. ತಂಗಿ ಕಾಫಿ ಬೆರೆಸಿ ತಂದಳು. ತಪಸ್ಸು ಕಾಲದ ನಲವತ್ತು ದಿನದ ಲೆಕ್ಕದಲ್ಲಿ ಭಾನುವಾರ ಸೇರುವುದಿಲ್ಲ, ಬೂದಿ ಬುಧವಾರದಿಂದ ಪಾಸ್ಖ ಜಾಗರಣೆಯವರೆಗೆ ನಲವತ್ತಾರು ದಿನ, ಆರು ಭಾನುವಾರ ಕಳೆದರೆ ನಲವತ್ತು. ಈ ಸವಲತ್ತನ್ನು ಹಿಂದಿನ ಮೂರು ಭಾನುವಾರ ನಾನು ಬಳಸಿರಲಿಲ್ಲ. ಇವತ್ತು ಎರಡು ಲೋಟ ಕುಡಿದೆ.

ಸಂಜೆಯ ಗಾಡಿಗೆ ತಾತಾ ಸ್ಟೇಷನ್ನಿನ ತನಕ ಬಂದರು. ಆ ಜೆರುಸಲೇಮಿನವರು ದಿನಕ್ಕೆ ಎಷ್ಟು ಅಡಿ ಕೊರೆದರು ಅಂತ ಬರೆದಿದೆಯಾ ನೋಡಿ ಹೇಳಬೇಕಂತೆ. ಪಾಟಿಯೂ ಬಂದಿದ್ದರು. ರೈಲು ಹೊರಡುವಾಗ ಕಿಟಕಿಯ ಸರಳು ಹಿಡಿದು ಜೊತೆಗೆ ನಾಲ್ಕು ಹೆಜ್ಜೆ ನಡೆದರು.

‘ಟೀಚರಮ್ಮಾ, ಮೇಣದಬತ್ತಿ ತುಮಕೂರಿಂದಾನೇ ತಗೊಂಡು ಬನ್ನಿ. ದಪ್ಪದ್ದು. ಇಲ್ಲಿ ಕರೆಂಟು ನಂಬೋ ಹಂಗಿಲ್ಲ.’